ಕ್ಯಾಲೊರಿ ಚೀಟಿ

ತೂಕ ಇಳಿಸುವವರು ಈಗ ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕಕ್ಕೆ ಇಳಿದಿದ್ದಾರೆ. ದಿನಕ್ಕೆ 1,800 ಕ್ಯಾಲೊರಿ ಅಂದರೆ ವಾರಕ್ಕೆ 12,600. ಸೋಮವಾರದಿಂದ ಶುಕ್ರವಾರದವರೆಗೆ ದಿನಾ 200 ಉಳಿಸಿದರೆ ಶನಿವಾರದ ಮದುವೆ ಊಟಕ್ಕೆ 1,000 ಕೈಗೆ ಸಿಗುತ್ತದೆ. ಥೇಟ್ ಚೀಟಿ ಹಾಕಿದ ಹಾಗೆ!

ಆದರೆ ಬಡಿಸುವವರಿಗೆ ಈ ಲೆಕ್ಕ ಎಲ್ಲಿ ಗೊತ್ತು? ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಒಬ್ಬಟ್ಟು ಜಾರಿಸಿ, "ತಿನ್ನಿ ಸ್ವಾಮಿ, ತೆಳ್ಳಗಿದೆ" ಅಂತಾರೆ. ನಿಜ, ತೆಳ್ಳಗಿರುವುದು ಒಬ್ಬಟ್ಟು ಮಾತ್ರ. ಹಿಂದೆಯೇ ತುಪ್ಪದವನು ಬರುತ್ತಾನೆ. ಕೊಬ್ಬು ಗ್ರಾಂಗೆ 9 ಕ್ಯಾಲೊರಿ. ಒಂದು ದೊಡ್ಡ ಚಮಚ ತುಪ್ಪಕ್ಕೆ 120ರ ಆಸುಪಾಸು. ಅವನ ಕೈಯಲ್ಲಿರುವುದೋ, ಸೌಟು.

ಹಾಗಂತ ವಾರವಿಡೀ ಬರೀ ಸೌತೆಕಾಯಿ ಕಚ್ಚಿಕೊಂಡು ಕೂತರೆ ಗುರುವಾರವೇ ಚೀಟಿ ಮುರಿಯುತ್ತದೆ. ಸಂಜೆಯ ಬಜ್ಜಿ, ಕಾಫಿಯ ಎರಡನೇ ಚಮಚ ಸಕ್ಕರೆ, ಇಷ್ಟು ಬಿಟ್ಟರೆ 200 ಸುಲಭ. ಏಕಾದಶಿ ಮಾಡುವವರೂ ಈ ಲೆಕ್ಕದವರೇ, ಫಲಾಹಾರದ ಹೆಸರಲ್ಲಿ ಎರಡು ತಟ್ಟೆ ಸಬ್ಬಕ್ಕಿ ಉಪ್ಪಿಟ್ಟು ಇಳಿಸದಿದ್ದರೆ.

ನಮ್ಮ ಭಾವ ಮಾತ್ರ ಚೀಟಿ ಮೊದಲೇ ಎತ್ತಿಬಿಡುವ ಜಾತಿ. ಶನಿವಾರ ತಿಂದು, ಸೋಮವಾರದಿಂದ ಕಂತು ಕಟ್ಟುತ್ತಾರಂತೆ. ಸದ್ಯ ಮುಂದಿನ ಶ್ರಾವಣದವರೆಗೆ ಬಾಕಿ ಇದೆ.