ಬರುತ್ತೇನೆಂದು ಹೇಳಿ ಹೋದ ಮೂರು ಸಾವಿರ ರೂಪಾಯಿಗೆ

ಮಲಪನಗುಡಿ,
ಹೊಸಪೇಟೆ ತಾಲ್ಲೂಕು, ವಿಜಯನಗರ ಜಿಲ್ಲೆ

ಶ್ರೀಮಾನ್ ಕ್ಯಾಶ್‌ಬ್ಯಾಕ್ ಅವರಿಗೆ,

ಮಲಪನಗುಡಿಯಿಂದ ನಿಮ್ಮ ಗಿರಾಕಿ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಟಿವಿಯೂ ಕ್ಷೇಮ. ಅತ್ತ ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಿ ಎಂದು ಕೇಳಿಕೊಳ್ಳುವುದು ನಮ್ಮ ಹಿರಿಯರ ಪದ್ಧತಿ. ನೀವು ಬರೆಯುವ ಪೈಕಿ ಅಲ್ಲವೆಂದು ಗೊತ್ತಾದ ಮೇಲೆ ನಾನೇ ಪೆನ್ನು ಹಿಡಿದಿದ್ದೇನೆ. ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿರುವುದಕ್ಕೆ ಸಿಟ್ಟಾಗಬೇಡಿ. ನಿಮ್ಮ ವಿಳಾಸ ನನ್ನ ಹತ್ತಿರ ಇಲ್ಲ, ಅಷ್ಟೇ. ಶೋರೂಮಿನವರು ಕಂಪನಿ ಕಡೆ ಕೈ ತೋರಿಸುತ್ತಾರೆ, ಕಂಪನಿಯವರು ಬ್ಯಾಂಕಿನ ಕಡೆ, ಬ್ಯಾಂಕಿನವರು ಆಫರ್ ನೋಡಿಕೊಳ್ಳುವ ಇನ್ಯಾವುದೋ ಏಜೆನ್ಸಿ ಕಡೆ. ಆ ಏಜೆನ್ಸಿಯಿಂದ ಬರುವ ಮೇಲ್‌ಗಳ ಕೊನೆಗೆ 'ಇದಕ್ಕೆ ಉತ್ತರ ಬರೆಯಬೇಡಿ' ಎಂದಿರುತ್ತದೆ. ಅಂಚೆಯಲ್ಲಾದರೂ ಕಳಿಸೋಣವೆಂದರೆ, ಅಕ್ನಾಲೆಜ್‌ಮೆಂಟ್ ಕಾರ್ಡು ಅಂಟಿಸಿ ಗಟ್ಟಿಯಾಗಿ ಕಳಿಸುತ್ತಿದ್ದ ರಿಜಿಸ್ಟರ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಸ್ಪೀಡು ಎಂಬ ಹೆಸರಿನ ಯಾವುದನ್ನಾದರೂ ನಿಮಗೆ ಕಳಿಸುವುದು ನಿಮ್ಮ ಸ್ವಭಾವಕ್ಕೆ ಅವಮಾನ ಮಾಡಿದ ಹಾಗೆ.

ನಮ್ಮಿಬ್ಬರ ಪರಿಚಯ ಆದದ್ದು 2025ರ ದಸರಾದಲ್ಲಿ, ನೆನಪಿರಬಹುದು. ನಮ್ಮೂರು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿದೆ. ದೇಶವಿದೇಶದ ಪ್ರವಾಸಿಗರು ಹಾಯುವ ರಸ್ತೆ ಎಂದು ಕಂಬಕಂಬಕ್ಕೂ ಫ್ಲೆಕ್ಸ್ ಕಟ್ಟುತ್ತಾರೆ. ಅಂಥದ್ದೊಂದರಲ್ಲಿ ನಿಮ್ಮನ್ನು ನೋಡಿದೆ. '43 ಇಂಚಿನ ಟಿವಿ, ₹3,000 ಕ್ಯಾಶ್‌ಬ್ಯಾಕ್'. ಮೂರು ಸಾವಿರ ಕುಂಬಳಕಾಯಿ ಗಾತ್ರ. ಅದರ ಬಲತುದಿಗೆ ಎಳ್ಳುಕಾಳಿನಷ್ಟು ಒಂದು ನಕ್ಷತ್ರ. ಹಬ್ಬದ ಅಲಂಕಾರ ಅಂದುಕೊಂಡೆ.

ಶೋರೂಮಿನ ಹುಡುಗ ಬಹಳ ಒಳ್ಳೆಯವನು. "ಸರ್, ಬಿಲ್ಲಿನಾಗ ಕಡಿಮಿ ಆಗಲ್ಲ. ಫುಲ್ ಕಟ್ರಿ. ಆಮ್ಯಾಲೆ ನಿಮ್ಮ ಅಕೌಂಟಿಗೆ ಬರ್ತೈತಿ, ಆಟೋಮ್ಯಾಟಿಕ್" ಅಂದ. ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ಆಟೋಮ್ಯಾಟಿಕ್ ಅಂದ್ರ ಯಾರು ಕೊಡ್ತಾರಪ್ಪ?" ಎಂದು ಕೇಳಿದಳು. ಹುಡುಗ ನಕ್ಕ. ನಾನೂ ನಕ್ಕೆ. ಅವಳು ನಗಿಸಲೆಂದು ಕೇಳಿರಲಿಲ್ಲ.

ಒಂದು ತಮಾಷೆ ಹೇಳುತ್ತೇನೆ ಕೇಳಿ. ಅದೇ ವರ್ಷದ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 28 ರಿಂದ 18 ಪರ್ಸೆಂಟಿಗೆ ಇಳಿದಿತ್ತು. ಸರ್ಕಾರ ಎಂದರೆ ಫಾರಂ, ಜೆರಾಕ್ಸ್, ನಾಳೆ ಬಾ ಎನ್ನುವುದು ನಮ್ಮ ಅನುಭವ. ಅಂಥ ಸರ್ಕಾರ ಬಿಟ್ಟ ತೆರಿಗೆ ಬಿಲ್ಲಿನಲ್ಲೇ, ನನ್ನ ಕಣ್ಣೆದುರೇ ಇಳಿದುಹೋಯಿತು. ಫೋಟೋ ಹಾಕು ಅನ್ನಲಿಲ್ಲ, ಓಟಿಪಿ ಕೇಳಲಿಲ್ಲ. ಖಾಸಗಿ ಕಂಪನಿಯ ಚುರುಕುತನ ಎಂದು ಜನ ಹೊಗಳುವ ನಿಮ್ಮ ಮೂರು ಸಾವಿರ ಮಾತ್ರ ಅದೇ ಕಾಗದದ ಮೇಲೆ ಇಳಿಯಲಾರದೆ ಸುತ್ತುದಾರಿ ಹಿಡಿಯಿತು.

ಆಟೋಮ್ಯಾಟಿಕ್ ಅಂದರೆ ಏನೆಂದು ಮನೆಗೆ ಬಂದ ಮೇಲೆ ತಿಳಿಯಿತು. ಹದಿನೈದು ದಿನದೊಳಗೆ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು. ಬಿಲ್ಲು, ಆಧಾರ್, ಕ್ಯಾನ್ಸಲ್ ಮಾಡಿದ ಚೆಕ್ಕು, ಟಿವಿಯ ಸೀರಿಯಲ್ ನಂಬರ್, ಆ ನಂಬರಿನ ಸ್ಟಿಕ್ಕರಿನ ಸ್ಪಷ್ಟ ಫೋಟೋ ಹಾಕಬೇಕು. ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಟಿವಿ ಕೂಡಿಸಲು ಬಂದವನು ಬ್ಲೇಡಿನಿಂದ ಟೇಪು ಕೊಯ್ಯುವಾಗ ಎರಡು ಹೋಳು ಮಾಡಿದ್ದ. ಇನ್ನೊಂದು ಸ್ಟಿಕ್ಕರ್ ಇರುವುದು ಟಿವಿಯ ಬೆನ್ನಿಗೆ. ಟಿವಿ ಇರುವುದು ಗೋಡೆಗೆ.

ಆ ರಾತ್ರಿ ನಾನು ಸ್ಟೂಲಿನ ಮೇಲೆ ನಿಂತು, ಎಡಗೈಯಲ್ಲಿ ಹೆಂಡತಿಯ ಕೈಗನ್ನಡಿ, ಬಲಗೈಯಲ್ಲಿ ಮೊಬೈಲಿನ ಟಾರ್ಚು ಹಿಡಿದು, ಗೋಡೆಗೂ ಟಿವಿಗೂ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ನಿಮ್ಮ ಜಾತಕ ಓದಿದೆ. ಪಿಯುಸಿ ಓದುವ ಮಗಳು ಕೆಳಗೆ ಕೂತು ಬರೆದುಕೊಂಡಳು. ಕನ್ನಡಿಯಲ್ಲಿ ಅಕ್ಷರವೆಲ್ಲ ಉಲ್ಟಾ ಕಾಣುತ್ತವೆ, ತಿರುಗಿಸಿ ಓದಬಹುದು. ಆದರೆ ನಿಮ್ಮ ನಂಬರಿನಲ್ಲಿ ಎರಡು ಕಡೆ ದುಂಡಗಿನದೊಂದು ಇತ್ತು. ಅದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ? ಇವೆರಡನ್ನೂ ಕನ್ನಡಿ ತಿರುಗಿಸಲಾರದು. "ಅಪ್ಪಾ, ಎರಡು ಜಾಗ, ಎರಡೆರಡು ಸಾಧ್ಯತೆ. ನಾಲ್ಕು ಥರ ಬರೀಬಹುದು, ಪ್ರಾಬಬಿಲಿಟಿ" ಅಂದಳು ಮಗಳು. ನಾಲ್ಕು ಥರವನ್ನೂ ಒಂದೊಂದಾಗಿ ಹಾಕಿ ನೋಡೋಣವೆಂದು ಹೊರಟೆವು. ಮೂರು ಸಲ ತಪ್ಪಾದರೆ ವೆಬ್‌ಸೈಟು 24 ಗಂಟೆ ಬಾಗಿಲು ಹಾಕಿಕೊಳ್ಳುತ್ತದೆ ಎಂಬ ಲೆಕ್ಕ ಅವಳ ಪುಸ್ತಕದಲ್ಲಿ ಇರಲಿಲ್ಲ.

ಫೋಟೋಗಾಗಿ ಟಿವಿ ಇಳಿಸಲೇಬೇಕಾಯಿತು. ಇಳಿಸಿ ಮತ್ತೆ ಏರಿಸಿದವನಿಗೆ ₹400. ಮರುವಾರ ಸಂದೇಶ ಬಂತು: ಬಿಲ್ಲಿನ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ತಾಳೆಯಿಲ್ಲ. ಬಿಲ್ಲಿನಲ್ಲಿ ನನ್ನ ಇನಿಷಿಯಲ್ ಹೆಸರಿಗಿಂತ ಮುಂದೆ ಇದೆ, ಪಾಸ್‌ಬುಕ್ಕಿನಲ್ಲಿ ಹಿಂದೆ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೂರೂ ಇನಿಷಿಯಲ್ಲಾಗಿ ನಿಂತಿರುತ್ತವೆ, ಬರೆಯುವ ಗುಮಾಸ್ತನ ಮರ್ಜಿಯಂತೆ ಹಿಂದುಮುಂದಾಗುತ್ತವೆ. ದುಡ್ಡು ಕಟ್ಟಿಸಿಕೊಳ್ಳುವಾಗ ನಾನು ಯಾರೆಂದು ಯಾರಿಗೂ ಅನುಮಾನ ಇರಲಿಲ್ಲ ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ಬ್ಯಾಂಕಿಗೆ ಹೋಗಿ ಪತ್ರ ಮಾಡಿಸಿದೆ. ಬಸ್ಸು, ಜೆರಾಕ್ಸು, ಹೊಟ್ಟೆ ಹಸಿದು ತಿಂದ ಒಗ್ಗರಣೆ ಮಿರ್ಚಿ ಎಲ್ಲ ಸೇರಿಸಿದರೆ ನೀವು ಈಗ ಎರಡೂವರೆ ಸಾವಿರದ ಆಸುಪಾಸಿಗೆ ಇಳಿದಿದ್ದೀರಿ. ಇನ್ನೂ ತಡ ಮಾಡಿದರೆ ನಾನೇ ನಿಮಗೆ ಬಾಕಿ ಕೊಡಬೇಕಾದೀತು.

ಕೊನೆಗೆ 'ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ, 90 ವರ್ಕಿಂಗ್ ಡೇಸ್' ಎಂದಿತು. ನಾವು ತುಂಗಭದ್ರಾ ಡ್ಯಾಮಿನ ಬುಡದವರು ಸ್ವಾಮಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮು, ಭೋರ್ಗರೆದು ಹರಿಯುವ ನೀರು. ರೈತರೆಲ್ಲ ಎದೆ ಹಿಡಿದುಕೊಂಡು ಕೂತಿದ್ದೆವು. ಆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆ ಇಳಿಸಿ ಒಂದೇ ವಾರದಲ್ಲಿ ಬಾಯಿ ಮುಚ್ಚಿದರು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಇಳಿವಯಸ್ಸಿನಲ್ಲೂ ಬಂದು ನಿಂತು ಮಾಡಿಸಿದ ಕೆಲಸ ಅದು. ಟನ್ನುಗಟ್ಟಲೆ ಉಕ್ಕು ನದಿಗೆ ಇಳಿಯಲು ಒಂದು ವಾರ, ಮೂರು ಸಾವಿರ ರೂಪಾಯಿ ಒಂದು ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರಿಗೆ ಇಳಿಯಲು 90 ವರ್ಕಿಂಗ್ ಡೇಸ್. ಯಾವ ಡ್ಯಾಮಿನ ಹಿಂದೆ ನಿಂತಿದ್ದೀರಿ?

ನಾನೊಬ್ಬನೇ ಕಾಯುತ್ತಿದ್ದೇನೆ ಅಂದುಕೊಳ್ಳಬೇಡಿ. ಕಂಪ್ಲಿಯ ನಮ್ಮ ಬೀಗರ ಮನೆಗೆ ನಿಮ್ಮ ತಮ್ಮ ಬಂದಿದ್ದಾನೆ. ಬಂದದ್ದು ಮಾತ್ರ ನಗದಿನ ರೂಪದಲ್ಲಿ ಅಲ್ಲ, ಯಾವುದೋ ಆ್ಯಪಿನ 'ಪಾಯಿಂಟ್ಸ್' ವೇಷದಲ್ಲಿ. ಅದನ್ನು ಖರ್ಚು ಮಾಡಬೇಕಾದರೆ ಅದೇ ಆ್ಯಪಿನಲ್ಲಿ ಇನ್ನೊಂದು ಸಾಮಾನು ಕೊಳ್ಳಬೇಕಂತೆ, ಅದೂ ತಿಂಗಳೊಳಗೆ. ಬೀಗರು ಭತ್ತದ ವ್ಯವಹಾರದವರು. "ನಾನು ಯಾರಿಗಾದರೂ ಭತ್ತದ ರೊಕ್ಕ ಕೊಡೋದು ಬಿಟ್ಟು, ಮುಂದಿನ ಬೆಳಿ ನನ್ನ ಹತ್ರಾನೇ ತಗೋ, ಅದ್ರಾಗ ಮುರುಕೊಳ್ಳೋಣು ಅಂದ್ರೆ ಸುಮ್ನಿರ್ತಾರೇನು?" ಎಂದು ಕೇಳಿದರು. ನಾನು ಟಿವಿ ಕಡೆ ನೋಡಿದೆ.

ಸಂಡೂರಿನ ಸ್ನೇಹಿತನದು ಬೇರೆ ಕಥೆ, ಅವನದು 'ನೋ ಕಾಸ್ಟ್ ಇಎಂಐ'. ಬಡ್ಡಿಯಿಲ್ಲ ಎಂದು ತಂದ ಫ್ರಿಜ್ಜಿನ ಕಂತಿನಲ್ಲಿ, ಇಲ್ಲದ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬಂದಿತ್ತು. ಇಲ್ಲದ ಮಗುವಿಗೆ ತೊಟ್ಟಿಲು ಶಾಸ್ತ್ರ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಸೊನ್ನೆ ಹೆಸರು ಬದಲಿಸಿಕೊಂಡು ವಾಪಸ್ ಬಂತು. ಸೊನ್ನೆಗೂ ನನಗೂ ಯಾಕೋ ಕೂಡಿಬರುತ್ತಿಲ್ಲ.

ನಿಮ್ಮ ಮನೆತನದ ಮೂಲ ಹುಡುಕಿದೆ. ಅಮೆರಿಕದಲ್ಲಿ ನಿಮ್ಮ ದೊಡ್ಡಪ್ಪ ಇದ್ದನಂತೆ. ಡಬ್ಬಿಯ ಬಾರ್‌ಕೋಡು ಕತ್ತರಿಸಿ, ರಸೀದಿ ಜೊತೆ ಲಕೋಟೆಗೆ ಹಾಕಿ ಅಂಚೆಗೆ ಹಾಕಿದರೆ ಎಂಟು ಹತ್ತು ವಾರಕ್ಕೆ ಚೆಕ್ಕು ಬರುವ 'ರಿಬೇಟ್' ಪದ್ಧತಿ. ಜನ ಲಕೋಟೆ ಹಾಕಲು ಮರೆಯುತ್ತಾರೆ, ರಸೀದಿ ಕಳೆಯುತ್ತಾರೆ, ಬಂದ ಚೆಕ್ಕನ್ನು ಜಾಹೀರಾತೆಂದು ಹರಿದು ಬಿಸಾಡುತ್ತಾರೆ. ಹಾಗೆ ಯಾರೂ ಕೇಳದೆ ಉಳಿದ ದುಡ್ಡಿಗೆ ಆ ಧಂದೆಯಲ್ಲಿ 'ಬ್ರೇಕೇಜ್' ಎಂಬ ಹೆಸರೇ ಇದೆ. ನಾವು ಮರೆಯುವುದು ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಮ್ಮು! 2005ರಲ್ಲಿ ಕಾಂಪ್‌ಯುಎಸ್‌ಎ ಎಂಬ ಅಂಗಡಿ ಸರಣಿಯ ರಿಬೇಟುಗಳು ಸರಿಯಾಗಿ ಸಂದಾಯವಾಗದ್ದಕ್ಕೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. ಅದೇ ವರ್ಷ ಬೆಸ್ಟ್ ಬೈ ಎಂಬ ದೊಡ್ಡ ಅಂಗಡಿ, ಗಿರಾಕಿಗಳ ಕಾಟ ತಡೆಯಲಾರದೆ, ಎರಡು ವರ್ಷದಲ್ಲಿ ಈ ಅಂಚೆ ರಿಬೇಟನ್ನೇ ಕೈಬಿಡುತ್ತೇವೆಂದು ಸಾರಿತು. ಅಲ್ಲಿ ಬೇಡವಾದ ದೊಡ್ಡಪ್ಪನ ಕೋಟನ್ನು ಹೊಲಿಗೆ ಬಿಚ್ಚಿ, ಓಟಿಪಿ ಗುಂಡಿ ಹಾಕಿ ನೀವು ತೊಟ್ಟುಕೊಂಡು ಬಂದಿದ್ದೀರಿ.

ಈಗ ಷರತ್ತುಗಳಿವೆ ಎಂದು ಸೂಚಿಸುವ ಆ ಎಳ್ಳುಕಾಳಿನಂಥ ನಕ್ಷತ್ರದ ವಿಷಯಕ್ಕೆ ಬರುತ್ತೇನೆ. ನಮ್ಮ ಸುತ್ತ ಎಲ್ಲಿ ನೋಡಿದರೂ ಶಾಸನಗಳು. ದಾನಶಾಸನದ ನೆತ್ತಿಯ ಮೇಲೆ ಸೂರ್ಯ, ಚಂದ್ರರನ್ನು ಕೆತ್ತಿರುತ್ತಾರೆ. ಅದು ಆಫರಿನ ಅವಧಿ: ಅವೆರಡೂ ಇರುವ ತನಕ. ಕೆಳಗೆ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಗದ್ದೆಯ ಮೂಡಲಿಗೆ ಯಾವ ಬಂಡೆ, ಪಡುವಲಿಗೆ ಯಾವ ಕಾಲುವೆ, ಎಲ್ಲ ಒಂದೇ ಗಾತ್ರದ ಅಕ್ಷರದಲ್ಲಿ. ಷರತ್ತಿಗೆ ಸಣ್ಣ ಉಳಿ, ದಾನಕ್ಕೆ ದೊಡ್ಡ ಉಳಿ ಎಂಬ ಭೇದ ಆ ಕಲ್ಲುಕುಟಿಗನಿಗೆ ಗೊತ್ತಿರಲಿಲ್ಲ. ಕೊಟ್ಟದ್ದನ್ನು ಕಸಿದುಕೊಂಡವನು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹೊಲಸಿನ ಹುಳವಾಗಿ ಹುಟ್ಟುತ್ತಾನೆ ಎಂದು ದಂಡದ ಕಲಮನ್ನೂ ಅಲ್ಲೇ ಬರೆದಿರುತ್ತಾರೆ. ಸೂರ್ಯ ಚಂದ್ರರನ್ನು ಬಿಟ್ಟು ನೀವು ನಕ್ಷತ್ರವನ್ನು ಆರಿಸಿಕೊಂಡದ್ದು ಯಾಕೆಂದು ಈಗ ಹೊಳೆಯಿತು. ಅದು ಹಗಲು ಹೊತ್ತು ಕಾಣುವುದಿಲ್ಲ.

ಮೊನ್ನೆ ಅದೇ ಫ್ಲೆಕ್ಸನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ನೋಡಿದೆ. ಕ್ಯಾಶ್‌ಬ್ಯಾಕ್ ಕನ್ನಡದಲ್ಲಿದೆ. ಕೆಳಗಿನ ಷರತ್ತುಗಳು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂತೆ. ಕೊಡುತ್ತೇವೆ ಅನ್ನುವುದನ್ನು ನನ್ನ ಭಾಷೆಯಲ್ಲಿ, ಕೊಡುವುದಿಲ್ಲ ಅನ್ನುವುದನ್ನು ವಕೀಲರ ಭಾಷೆಯಲ್ಲಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನಿನಲ್ಲಿ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿ, ಷರತ್ತು ಹೇಳುವುದಿದ್ದರೆ ಮೇಲೆ ಬಡಾಯಿ ಕೊಚ್ಚಿದ ಭಾಷೆಯಲ್ಲೇ, ಅದೇ ಅಕ್ಷರಶೈಲಿಯಲ್ಲಿ ಹೇಳಬೇಕೆಂದು ಕಟ್ಟುಮಾಡಿದೆ. ನಮ್ಮ ಕಲ್ಲುಕುಟಿಗ ಅದನ್ನು ಓದದೆಯೇ ಪಾಲಿಸಿದ್ದ. 2023ರ ನವೆಂಬರ್ 30ರಂದು ಅದೇ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ 13 ಕಣ್ಕಟ್ಟುಗಳ ಪಟ್ಟಿಯನ್ನೂ ಮಾಡಿತು. 'ಇನ್ನೊಂದೇ ಉಳಿದಿದೆ' ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನು ತುರುಕುವುದು ಇತ್ಯಾದಿ. ನಿಮ್ಮ ಹೆಸರು ಆ ಹದಿಮೂರರಲ್ಲಿ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಹದಿನಾಲ್ಕನೆಯದಕ್ಕೆ ನಾನು ಶಿಫಾರಸು ಮಾಡುತ್ತೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ನನಗೆ ಎರಡು ವರ್ಷದ ವಾಯಿದೆ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. 1915ಕ್ಕೆ ಫೋನು ಮಾಡಿದರೆ ದೂರು ಬರೆದುಕೊಳ್ಳುತ್ತಾರೆ. ಆದರೆ ಮೂರು ಸಾವಿರಕ್ಕೆ ಒಬ್ಬ ಮನುಷ್ಯ ಎಷ್ಟು ದಿನದ ಕೂಲಿ ಬಿಟ್ಟು ಓಡಾಡಿಯಾನು ಎಂಬ ಲೆಕ್ಕ ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ನೀವು ಮೂವತ್ತು ಸಾವಿರ ಆಗಿದ್ದರೆ ನಾನು ಆಗಲೇ ಕೇಸು ಹಾಕುತ್ತಿದ್ದೆ. ಮುನ್ನೂರು ಆಗಿದ್ದರೆ ಅಂಗಡಿಗೇ ಬರುತ್ತಿರಲಿಲ್ಲ. ಬಿಡಲೂ ಆಗದ, ಹಿಡಿಯಲೂ ಆಗದ ಆ ಮೂರು ಸಾವಿರವನ್ನು ಗೊತ್ತು ಮಾಡಿದ ಬುದ್ಧಿವಂತನಿಗೆ ನನ್ನದೊಂದು ಪ್ರತ್ಯೇಕ ನಮಸ್ಕಾರ. ನಿಜಕ್ಕೂ ಬೆಲೆ ಇಳಿಸುವ ಮನಸ್ಸಿದ್ದರೆ ಬಿಲ್ಲಿನಲ್ಲಿ ಒಂದು ಗೆರೆ ಎಳೆದರೆ ಸಾಕಿತ್ತು. ಅದಕ್ಕೆ ವೆಬ್‌ಸೈಟು ಯಾಕೆ?

ನಿಮ್ಮ ಸಹಾಯವಾಣಿಗೂ ಫೋನು ಮಾಡಿದೆ. ಇಪ್ಪತ್ತು ನಿಮಿಷ ಕೊಳಲು ಕೇಳಿಸಿ ಲೈನು ಕಟ್ ಆಯಿತು. ನಮ್ಮೂರಲ್ಲಿ ವಿಜಯನಗರ ಕಾಲದ ಬಾವಿಯೊಂದಿದೆ, ಕಮಾನುಗಳದ್ದು. ಅದರೊಳಗೆ ಬಗ್ಗಿ ಕೂಗಿದರೆ ನಮ್ಮ ದನಿಯಾದರೂ ನಮಗೆ ವಾಪಸ್ ಬರುತ್ತದೆ, ಕೂಡಲೇ, ನೋಂದಣಿ ಇಲ್ಲದೆ.

ಇನ್ನೊಂದು ಮಾತು. ಪರಿಶೀಲನೆ ಮುಗಿಯುವ ತನಕ ಟಿವಿಯ ಮೂಲ ಡಬ್ಬಿಯನ್ನು ಇಟ್ಟುಕೊಂಡಿರಬೇಕು ಎಂದು ನಿಮ್ಮ ಷರತ್ತಿನಲ್ಲಿದೆಯಂತೆ, ಮಗಳು ಓದಿ ಹೇಳಿದಳು. ಅದಕ್ಕೇ ಅಟ್ಟದ ಮೇಲೆ ಇಟ್ಟಿದ್ದೇವೆ. ಹೋದ ತಿಂಗಳು ಅದರೊಳಗಿನ ಥರ್ಮಾಕೋಲಿನ ಮೇಲೆ ಬೆಕ್ಕು ಮೂರು ಮರಿ ಹಾಕಿದೆ. ಇಬ್ಬರು ಆಗಲೇ ಕಣ್ಣು ಬಿಟ್ಟಿದ್ದಾರೆ. "ಡಬ್ಬಿ ತೆಗೀರಿ ಅಂದ್ರ ಕ್ಯಾಶ್‌ಬ್ಯಾಕ್ ಅಂತೀರಿ, ಕ್ಯಾಶ್‌ಬ್ಯಾಕ್ ಎಲ್ಲಿ ಅಂದ್ರ ಡಬ್ಬಿ ತೋರಿಸ್ತೀರಿ" ಎಂದು ನನ್ನ ಹೆಂಡತಿ ದಿನಾ ಕೇಳುತ್ತಾಳೆ. ನೀವು ಬರುವ ದಿನವನ್ನು ಒಂದು ವಾರ ಮೊದಲೇ ತಿಳಿಸಿದರೆ ತಾಯಿ ಬೆಕ್ಕಿಗೆ ನೋಟಿಸು ಕೊಡಲು ಅನುಕೂಲವಾಗುತ್ತದೆ. ವರ್ಕಿಂಗ್ ಡೇಸ್ ಅಲ್ಲ, ಮಾಮೂಲಿ ವಾರ.

ಇಂತಿ ನಿಮ್ಮ ಹಾದಿ ಕಾಯುತ್ತಿರುವ,
ಮಲಪನಗುಡಿಯ ಗಿರಾಕಿ
(ಇನಿಷಿಯಲ್ ಮುಂದೆ ಹಾಕಬೇಕೋ ಹಿಂದೆಯೋ ತಿಳಿಯದೆ ಬಿಟ್ಟಿದ್ದೇನೆ)