ಮನಿ ಬಾಡಿಗಿಗೆ ಐತಿ

(ಕನ್ನೊಳ್ಳಿ. ಚಹಾದಂಗಡಿ ಕಟ್ಟಿ. ಸಾವ್ಕಾರ್ರು, ಮಾಸ್ತರ್ರು.)

ಸಾವ್ಕಾರ: ಆರು ತಿಂಗಳಾತ್ರಿ ಮಾಸ್ತರ್ರ, ಮನಿ ಖಾಲಿ. ಬಾಡಿಗಿಯವರ ಸಿಗವಲ್ರು.

ಮಾಸ್ತರ: ಜೂನದಾಗ ನಮ್ಮ ಸಾಲಿಗೆ ಬಂದ ಟೀಚರ್ ಕೇಳಿದ್ರಲ್ರಿ?

ಸಾವ್ಕಾರ: ಮೂರೂವರಿ ಸಾವಿರ ಅಂದ್ರು. ನಾ ನಾಕರಿಂದ ಒಂದ ಪೈಸಾ ಇಳೀಲಿಲ್ಲ!

ಮಾಸ್ತರ: ಬ್ಯಾಂಕಿನ ಹುಡುಗ?

ಸಾವ್ಕಾರ: ಮದಿವಿ ಆಗಿಲ್ಲ.

ಮಾಸ್ತರ: ನರ್ಸಬಾಯಿ?

ಸಾವ್ಕಾರ: ಮದಿವಿ ಆಗೇತಿ. ಹುಡುಗ್ರು ಗ್ವಾಡಿ ಗೀಚತಾವ.

ಮಾಸ್ತರ: ಡಿಪಾಜಿಟ್?

ಸಾವ್ಕಾರ: ಹತ್ತ ತಿಂಗಳದ್ದು. ಬೆಂಗಳೂರಾಗ ಹಂಗ ಐತಿ.

ಮಾಸ್ತರ: 2021ರಾಗ ಕೇಂದ್ರದವ್ರು ಮಾದರಿ ಬಾಡಿಗಿ ಕಾಯ್ದೆ ಮಾಡ್ಯಾರ. ವಾಸದ ಮನಿಗೆ ಎರಡ ತಿಂಗಳದ್ದು ಸಾಕಂತೈತಿ.

ಸಾವ್ಕಾರ: ಅದು ಮಾದರಿ ಮನಿಗೆ. ನಂದು ನಳ ಸೋರೋ ಮನಿ!

ಮಾಸ್ತರ: ಲೆಕ್ಕಾ ಕೇಳ್ರಿ. ಮೂರೂವರಿ ಸಾವಿರದಂಗ ಆರು ತಿಂಗಳಿಗೆ 21,000 ಹೋತು. ನಾಳೆ ನಾಕು ಸಾವಿರದವ ಸಿಕ್ರೂ, ಹೆಚ್ಚಿನ ಐನೂರರಾಗ ಅದು ತುಂಬಾಕ 42 ತಿಂಗಳ ಬೇಕು. ಮುಂದ ಬರೋರಿಗೆ ಮನಿ ಬಿಡೂ ತಿಂಗಳ ಮೊದ್ಲ ಹೇಳಾಕ ಹಚ್ರಿ, ನಳ ರಿಪೇರಿ ಮಾಡಸ್ರಿ, ಸುಣ್ಣಾ ಹೊಡಸ್ರಿ, ಸಾಲಿ ಚಾಲೂ ಆಗೂದ್ರಾಗ ಬೋರ್ಡ್ ಹಾಕ್ರಿ.

ಸಾವ್ಕಾರ: 21,000 ಲುಕ್ಸಾನ? ಏ ತಮ್ಮಾ, ಆ ಬೋರ್ಡ್ ತಾರೋ! ನಾಕು ಅಳಿಸಿ ಐದು ಬರಿ!