ಮುಳ್ಳುಗಳ ಮಹಾತ್ಮೆ

ಆದವಾನಿಯ ವೈಶಾಖದ ಬಿಸಿಲಿನಲ್ಲಿ ಇಂಜಿನ್ನು ಕುದಿಯುವುದಕ್ಕೂ ಯಜಮಾನನ ತಲೆ ಕುದಿಯುವುದಕ್ಕೂ ಬಹಳ ಅಂತರವಿಲ್ಲ; ಎರಡನೆಯದಕ್ಕೆ ಮಾಪಕವಿಲ್ಲ, ಮೊದಲನೆಯದಕ್ಕಾದರೂ ಇರಲೆಂದು, ಹಾಸಿಗೆ, ಒಲೆ, ನೀರಿನ ಪೀಪಾಯಿಗಳ ಸಮೇತ ಮನೆಯೇ ಆಗಿಬಿಟ್ಟಿದ್ದ ನಮ್ಮ ಹಳೆಯ ವ್ಯಾನನ್ನು ಮಂತ್ರಾಲಯ ಯಾತ್ರೆಗೆ ಮುನ್ನ ಮೇಸ್ತ್ರಿಯ ಬಳಿಗೆ ಒಯ್ದೆನು.

ಆತನು ನೀರಿನ ಬಿಸಿಗೊಂದು, ಎಣ್ಣೆಯ ಒತ್ತಡಕ್ಕೊಂದು, ಬ್ಯಾಟರಿಗೊಂದು ಎಂದು ಗಡಿಯಾರದ ಅಂಗಡಿಯನ್ನೇ ಹರವಿದನು. 1849ರಲ್ಲಿ ಫ್ರಾನ್ಸಿನ ಬೂರ್ದೋನನು ಕಂಡುಹಿಡಿದ, ಒತ್ತಡ ಹೆಚ್ಚಿದಂತೆ ನೆಟ್ಟಗಾಗಲೆಳಸಿ ಮುಳ್ಳನ್ನು ತಳ್ಳುವ ಬಾಗುಕೊಳವೆಯ ಮಾಪಕವು ಸತ್ಯಸಂಧವಾದರೂ ಬಿಸಿಯೆಣ್ಣೆಯನ್ನು ಮೊಣಕಾಲಿನವರೆಗೆ ತರುವುದೆಂದೂ, ತಂತಿಯ ಮಾಪಕವು ಶುಚಿಯಾದರೂ ತಂತಿ ಸಡಿಲಿದರೆ ಸುಳ್ಳಾಡುವುದೆಂದೂ ವಿವರಿಸಿದನು. ಧರ್ಮಸಂಕಟಕ್ಕೆ ಸಿಲುಕಿ ಎರಡು ಬಗೆಯನ್ನೂ ಬೆರೆಸಿ ಮೂರನ್ನು ಕೊಂಡೆನು.

ಅಂದಿನಿಂದ ನಾನು ರಸ್ತೆಯನ್ನು ನೋಡಿದವನಲ್ಲ. ಎಮ್ಮಿಗನೂರಿನ ದಾರಿಯಲ್ಲಿ ಏರುತ್ತಲೇ ಇದ್ದ ಉಷ್ಣದ ಮುಳ್ಳು ತಟಕ್ಕನೆ ಕೆಳಗಿಳಿಯಲು, ರಾಯರ ಕೃಪೆಯೆಂದು ಕೈಮುಗಿದೆನು.

ಹಿಂದಿನಿಂದ ಹೆಂಡತಿ, “ಅಲ್ರೀ, ಮುಂದೆ ಹಬೆ ಏಳ್ಲಿಕ್ಕೆ ಹತ್ತದ ನೋಡ್ರಿ!” ಎಂದಳು.

ರೇಡಿಯೇಟರಿನ ನೀರು ಸೋರಿ ಮಟ್ಟ ತಗ್ಗಿದುದರಿಂದ, ಮಾಪಕದ ಮೂತಿಯು ನೀರಿಲ್ಲದೆ ಬರಿದೆ ಕುಳಿತು, ಸರ್ವವೂ ಕ್ಷೇಮವೆಂದು ವರದಿ ಒಪ್ಪಿಸುತ್ತಿದ್ದಿತು.

ನಂಬತಕ್ಕ ನಾಲ್ಕನೆಯ ಮಾಪಕವು ಮೊದಲಿನಿಂದಲೂ ಹಿಂದಿನ ಆಸನದಲ್ಲಿಯೇ ಇದ್ದಿತು. ಅದಕ್ಕೆ ತಂತಿಯೂ ಬೇಡ, ಕೊಳವೆಯೂ ಬೇಡ.